ಗೋದಾಮಿನ ಬಾಯಿ

ನನ್ನ ಗಂಡನ ಮುತ್ತಜ್ಜ ಯಾರನ್ನೂ ನಂಬುತ್ತಿರಲಿಲ್ಲ. ಆತ ಕಟ್ಟಿಸಿದ ಗೋದಾಮನ್ನು ಒಂದು ಸುತ್ತು ಸುತ್ತಿ ಬಂದರೆ ಸಾಕು, ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆ ಬಂದರಿನ ಹಿಂದಿನ ಓಣಿಯಲ್ಲಿ ಮೂರು ಅಂತಸ್ತಿನ ಕಲ್ಲು ಕಟ್ಟಡ. ಅಷ್ಟು ದೊಡ್ಡ ಕಟ್ಟಡಕ್ಕೆ ಒಂದೇ ಒಂದು ಬಾಗಿಲು. ಕಿಟಕಿ ಎಂದು ಮರ್ಯಾದೆಗೆ ಕರೆಯಬಹುದಾದ ಸೀಳುಗಳು ಗೋಡೆಯ ಎತ್ತರದಲ್ಲಿವೆ. ಒಳಗಡೆ ಅಗಲ, ಹೊರಗಡೆ ಕಿರಿದು, ನಡುವೆ ಕಬ್ಬಿಣದ ಸರಳು. ಗಾಳಿ ಬರುತ್ತದೆ, ಬೆಕ್ಕು ಬರಲಾರದು. ಬಾಗಿಲ ಪಕ್ಕದ ಗೋಡೆಯಲ್ಲೇ ಕೊರೆದ ಒಂದು ಕಲ್ಲಿನ ಪೀಠವಿದೆ. ಮುತ್ತಜ್ಜ ಬೆಳಗಿನಿಂದ ಸಂಜೆಯ ತನಕ ಅಲ್ಲಿ ಕೂತು, ಹೊರಗೆ ಹೋಗುವ ಪ್ರತಿಯೊಬ್ಬನ ಸೊಂಟ ತಡವಿಯೇ ಬಿಡುತ್ತಿದ್ದನಂತೆ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ರಿಯಾಯಿತಿ ಇರಲಿಲ್ಲ.

ಕಟ್ಟಡ ಏಳುವಾಗ ಗಾರೆ ಮೇಸ್ತ್ರಿ, "ಧಣಿ, ಮೆಟ್ಟಿಲು ಎಲ್ಲಿ ಕೂರಿಸಲಿ?" ಎಂದು ಕೇಳಿದನಂತೆ.

"ಮೂಟೆಗೆ ಯಾಕಯ್ಯಾ ಮೆಟ್ಟಿಲು?"

"ಮೂಟೆಗೆ ಬೇಡ ಧಣಿ, ಮನುಷ್ಯರಿಗೆ ಬೇಕಲ್ಲ."

"ಹಾಗಾದ್ರೆ ಮನುಷ್ಯನಿಗೆ ಎಷ್ಟು ಬೇಕೋ ಅಷ್ಟೇ ಕಟ್ಟು. ಮನುಷ್ಯ, ಅವನ ಹೆಗಲ ಮೇಲೆ ನನ್ನ ಮೂಟೆ, ಎರಡೂ ಒಟ್ಟಿಗೆ ಇಳೀಬಾರದು."

ಮೇಸ್ತ್ರಿ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿದ. ಗೋಡೆಯ ದಪ್ಪದೊಳಗೇ ಅಡಗಿಸಿದ ಆ ಮೆಟ್ಟಿಲು ಪ್ರತಿ ಅಂತಸ್ತಿನ ನಡುವೆ ಗಕ್ಕನೆ ತಿರುಗುತ್ತದೆ. ಎದೆ ಮುಂದೆ ಮಾಡಿ ಇಳಿಯಲಾಗುವುದಿಲ್ಲ. ಗೋಡೆಗೆ ಬೆನ್ನು ಉಜ್ಜುತ್ತ ಅಡ್ಡಡ್ಡಲಾಗಿ, ಎರಡು ಕೈಯಲ್ಲೂ ಹಗ್ಗ ಹಿಡಿದು ಇಳಿಯಬೇಕು. ಕೈಯಲ್ಲಿ ಏನಾದರೂ ಹಿಡಿದರೆ ಹಗ್ಗ ಬಿಡಬೇಕು, ಹಗ್ಗ ಬಿಟ್ಟರೆ ಮುಂದಿನ ಹಲ್ಲಿನ ಆಸೆ ಬಿಡಬೇಕು. ಕಳ್ಳನನ್ನು ಹಿಡಿಯಲು ಕಾವಲುಗಾರನನ್ನು ಇಟ್ಟವರುಂಟು, ನಾಯಿ ಸಾಕಿದವರುಂಟು. ಮೆಟ್ಟಿಲನ್ನೇ ಕಾವಲಿಗೆ ಇಟ್ಟವನು ಇವನೊಬ್ಬನೇ ಇರಬೇಕು.

ಸರಕಿಗೆ ಬೇರೆ ದಾರಿ ಇತ್ತು. ಅದಕ್ಕೆ ಬಾಯಿ ಎನ್ನುತ್ತಿದ್ದರು. ಮೇಲಿನ ಎರಡೂ ಅಂತಸ್ತಿನ ನೆಲದಲ್ಲಿ, ಒಂದರ ನೇರಕ್ಕೆ ಒಂದು, ಚೌಕಾಕಾರದ ದೊಡ್ಡ ತೂತು. ಮಾಡಿನ ತೊಲೆಗೆ ರಾಟೆ, ರಾಟೆಗೆ ಹಗ್ಗ. ಬಾಯಿಯ ಸುತ್ತ ಬಡಿದ ಕಬ್ಬಿಣದ ಪಟ್ಟಿಯಲ್ಲಿ ಹಗ್ಗ ತಿಂದ ಗೀರುಗಳು ಬೆರಳು ಕೂರುವಷ್ಟು ಆಳ. ಮೇಲೆ ಹೋದದ್ದೆಲ್ಲ ಅದೇ ಬಾಯಲ್ಲಿ ಇಳಿದು, ಮುತ್ತಜ್ಜನ ಕಣ್ಣೆದುರೇ ನೆಲ ಮುಟ್ಟಬೇಕು. ನನ್ನ ಗಂಡನ ಮನೆಯಲ್ಲಿ ಇದಕ್ಕೆ ದೂರದೃಷ್ಟಿ ಎಂದು ಹೆಸರು. ನನ್ನ ಅಪ್ಪ ಅದೇ ಗೋದಾಮಿನಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವನು. ನಮ್ಮ ತವರಲ್ಲಿ ಇದಕ್ಕಿದ್ದ ಹೆಸರನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಹಮಾಲಿಯ ಮಗಳು ಧಣಿಯ ಕಿರಿಮಗನನ್ನು ಮದುವೆಯಾದದ್ದು ಹೇಗೆ ಎಂದು ಕೇಳಿದರೆ, ಅಷ್ಟರ ಹೊತ್ತಿಗೆ ಧಣಿಗಳು ಹೆಸರಿಗಷ್ಟೇ ಧಣಿಗಳಾಗಿದ್ದರು. ಹಳೆ ಬಂದರಿನಲ್ಲಿ ಹೂಳು ತುಂಬಿ ಹಡಗುಗಳು ಹೊಸ ಬಂದರಿಗೆ ಹೋಗಿದ್ದವು. ನಮ್ಮ ಮಾವ ಕಣ್ಣು ಮುಚ್ಚುವ ಮುಂಚೆ ಮೂವರು ಗಂಡುಮಕ್ಕಳಿಗೆ ಗೋದಾಮು ಪಾಲು ಮಾಡಿದರು. ಬೇರೆಯವರಾದರೆ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡುತ್ತಿದ್ದರು. ನಮ್ಮ ಮಾವ ಗೋದಾಮಿನವರು, ಮೂಟೆ ಪೇರಿಸಿದ ಹಾಗೆ ಮಕ್ಕಳನ್ನು ಪೇರಿಸಿದರು. ಭಾರದ ಸರಕು ಕೆಳಗೆ, ತೇವ ತಾಗಬಾರದ್ದು ನಡುವೆ, ಹಗುರದ್ದು ಮೇಲೆ. ಕೆಳಗೆ ಲಂಗರು, ಸರಪಳಿ ಇಡುತ್ತಿದ್ದ ಅಂತಸ್ತು ದೊಡ್ಡ ಭಾವನಿಗೆ. ಸಕ್ಕರೆ ಮೂಟೆ ಇಡುತ್ತಿದ್ದ ನಡುವಿನದ್ದು ನಡು ಭಾವನಿಗೆ. ಹತ್ತಿ ತುಂಬುತ್ತಿದ್ದ ಮೇಲಿನದ್ದು ನನ್ನ ಗಂಡನಿಗೆ. ಬಾಯಿ ಮಾತ್ರ ಮೂವರಿಗೂ ಸೇರಿದ್ದು, ಮೂವರೂ ಒಪ್ಪದೆ ಮುಚ್ಚುವಂತಿಲ್ಲ, ತೆರೆಯುವಂತಿಲ್ಲ ಎಂದು ಹೇಳಿ ಮಾವ ಹೋಗಿಬಿಟ್ಟರು.

ಓಣಿಯವರು ಅಂದಿನಿಂದ ಮೂವರನ್ನೂ ಕಬ್ಬಿಣ, ಸಕ್ಕರೆ, ಹತ್ತಿ ಎಂದೇ ಕರೆದರು. ಹೆಸರಿಟ್ಟವರ ನಾಲಿಗೆಗೆ ನಮಸ್ಕಾರ. ದೊಡ್ಡ ಭಾವ ಬಗ್ಗುವವರಲ್ಲ, ಮಾತು ಆಡಿದರೆ ಕಾಲ ಮೇಲೆ ಏನೋ ಬಿದ್ದ ಹಾಗೆ. ನಡು ಭಾವನ ಬಾಯಿ ತೆರೆದರೆ ಇರುವೆ ಸಾಲುಗಟ್ಟಬೇಕು, ಅಷ್ಟು ಸಿಹಿ. ಇನ್ನು ಇವರು, ನನ್ನ ಗಂಡ. ಯಾರು ಹೇಗೆ ಒತ್ತಿದರೆ ಹಾಗೆ ತಗ್ಗುವುದು, ಕೈ ತೆಗೆದರೆ ಮತ್ತೆ ನಗುತ್ತ ಉಬ್ಬುವುದು. ಬೈದು ಬೈದು ನನ್ನ ಗಂಟಲು ಒಣಗಿದ್ದೇ ಬಂತು. "ಹೋಗ್ಲಿ ಬಿಡೇ, ನಮ್ಮಣ್ಣಂದಿರೇ ತಾನೇ" ಎನ್ನುವುದು ಇವರ ಊಟ, ತಿಂಡಿ, ನಿದ್ದೆ.

ಭಾವಂದಿರಿಬ್ಬರಿಗೂ ಬೇರೆ ಮನೆ ಇತ್ತು. ನಮಗೆ ಆ ಮೇಲಿನ ಅಂತಸ್ತೇ ಮನೆ, ಅದೇ ಅಂಗಡಿ. ಇವರು ಹಾಸಿಗೆ ಹೊಲಿಯುತ್ತಿದ್ದರು. ಹತ್ತಿಯನ್ನು ಕೈಯಲ್ಲೇ ಬಿಡಿಸಿ, ಮೂಲೆ ಮೂಲೆಗೂ ಸಮನಾಗಿ ತುಂಬಿ, ಉದ್ದನೆಯ ಸೂಜಿಯಿಂದ ಗುಂಡಿ ಹಾಕಿ ಬಿಗಿಯುವುದನ್ನು ನೋಡುತ್ತ ನಾನು ಎಷ್ಟೋ ಸಲ ಒಲೆಯ ಮೇಲಿಟ್ಟದ್ದನ್ನು ಸೀಯಿಸಿದ್ದೇನೆ. ಮಕ್ಕಳಾಗಲಿಲ್ಲ. ಆ ನೋವು ಇತ್ತು, ಆದರೆ ನಗು ಅದಕ್ಕಿಂತ ಜಾಸ್ತಿ ಇತ್ತು. ಹಾಸಿಗೆ ಸಿದ್ಧವಾದಾಗ ಸುರುಳಿ ಸುತ್ತಿ, ಬಾಯಿಯ ಮುಚ್ಚಳ ಎತ್ತಿ, ಹಗ್ಗ ಕಟ್ಟಿ ಇಳಿಸುತ್ತಿದ್ದೆವು. ಹಗ್ಗದ ಕೆಲಸ ನನ್ನದು. ಹಮಾಲಿಯ ಮಗಳಿಗೆ ಗಂಟು ಹಾಕುವುದನ್ನು ಗಂಡ ಕಲಿಸಬೇಕೇ?

ಒಂದು ದಿನ ಭಾವಂದಿರಿಬ್ಬರೂ ಒಟ್ಟಿಗೆ ಮೇಲೆ ಬಂದರು. ಅಡ್ಡಡ್ಡ ಹತ್ತಿ ಬಂದು ಇಬ್ಬರ ಬೆನ್ನೂ ಸುಣ್ಣವಾಗಿತ್ತು. ಕೆಳಗಿನ ಅಂತಸ್ತನ್ನು ದೊಡ್ಡ ಭಾವ ಹಳೆ ಪೀಠೋಪಕರಣ ಮಾರುವವನಿಗೆ ಬಾಡಿಗೆಗೆ ಕೊಟ್ಟಿದ್ದರು. ನಡು ಭಾವ ತಮ್ಮದನ್ನು ಸಭೆ ಸಮಾರಂಭದ ಹಾಲ್ ಮಾಡುತ್ತಿದ್ದರು. ಆ ಮೆಟ್ಟಿಲಲ್ಲಿ ಅಡ್ಡಡ್ಡ ಹತ್ತಿ ಸಭೆಗೆ ಯಾರು ಬರುತ್ತಾರೋ, ಅದು ಅವರಿಗೇ ಗೊತ್ತು.

"ಬಾಯಿಯಿಂದ ಧೂಳು ಬೀಳುತ್ತಂತೆ. ಅಂಗಡಿಯವನು ಗೊಣಗ್ತಾನೆ. ಮುಚ್ಚಬೇಕು" ಎಂದರು ದೊಡ್ಡ ಭಾವ.

"ಮುಚ್ಚೋದು ಅಂದ್ರೆ ಶಾಶ್ವತವಾಗಿ ಅಲ್ಲಪ್ಪ" ಎಂದು ನಡು ಭಾವ ಇವರ ಹೆಗಲ ಮೇಲೆ ಕೈ ಹಾಕಿದರು. "ನನ್ನ ನೆಲಕ್ಕೆ ಕಲ್ಲು ಹಾಸ್ತೀನಿ, ಮೇಲೆ ಚೆಂದಕ್ಕೆ ಒಂದು ಸೀಲಿಂಗು. ನಿನಗೆ ಬೇಕು ಅನ್ನಿಸಿದ ದಿನ ಒಂದು ಮಾತು ಹೇಳು, ಮರುಕ್ಷಣ ತೆಗೆಸ್ತೀನಿ. ನಾವೇನು ಬೇರೆಯವರಾ?"

"ಹಾಸಿಗೆ ಹೇಗೆ ಇಳಿಸೋದು ಭಾವ?" ಎಂದು ನಾನು ಕೇಳಿದೆ.

"ಒಂದು ಮಾತು ಹೇಳಮ್ಮ ಅಂದೆನಲ್ಲ" ಎಂದರು ಸಕ್ಕರೆ.

ಇವರು ತಲೆ ಆಡಿಸಿಬಿಟ್ಟರು. ಕಲ್ಲು ಬಂತು, ಸೀಲಿಂಗು ಬಂತು. ಹಾಸಿಗೆಗೆ ದಾರಿ ಹೋಯಿತು. ಒಂದು ಮಾತು ಹೇಳಿದೆವು, ಎರಡು ಮಾತು ಹೇಳಿದೆವು. "ಈಗ ತಾನೇ ಪಾಲಿಶ್ ಆಗಿದೆಯಮ್ಮ, ಸ್ವಲ್ಪ ತಡಿ" ಎಂಬ ಉತ್ತರ ಬಂತು. ಆ ಮೆಟ್ಟಿಲಲ್ಲಿ ಇಳಿಯುವಂಥದ್ದು, ಹೆಗಲಿಗೆ ನೇತು ಹಾಕಿಕೊಂಡು ಹೋಗುವಂಥದ್ದು ಎಂದರೆ ದಿಂಬು. ಹಾಸಿಗೆ ಹೊಲಿಯುತ್ತಿದ್ದ ಮನುಷ್ಯ ದಿಂಬಿಗೆ ಬಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮಗೆ ಹಾಸಿಗೆಯನ್ನೇ ಉಳಿಸಲಿಲ್ಲ, ಇನ್ನು ಕಾಲನ್ನು ಎಲ್ಲಿ ಚಾಚುವುದು? ನಾನು ಕೂಗಾಡಿದೆ. ಇವರು ದಿಂಬಿಗೆ ಹತ್ತಿ ತುಂಬುತ್ತ, "ದಿಂಬಿಗೆ ಕೆಲಸ ಕಮ್ಮಿ ಕಣೇ, ಬೆನ್ನಿಗೆ ಒಳ್ಳೇದು" ಎಂದರು.

ಆಮೇಲೆ ಒಂದು ಹೋಟೆಲ್ ಕಂಪನಿಯವರಿಗೆ ಹಳೆ ಬಂದರಿನ ಮೇಲೆ ಪ್ರೀತಿ ಹುಟ್ಟಿತು. ಹಳೆಯ ಕಟ್ಟಡ ಹಾಗೆಯೇ ಇಟ್ಟುಕೊಂಡು ಒಳಗೆ ಹೋಟೆಲ್ ಮಾಡುತ್ತಾರಂತೆ. ಮೂರೂ ಅಂತಸ್ತು ಒಟ್ಟಿಗೆ ಬೇಕಂತೆ. ಭಾವಂದಿರ ನಡಿಗೆಯೇ ಬದಲಾಯಿತು. ಇವರು, "ಅಣ್ಣಂದಿರು ಎಲ್ಲಿ ಅಂತಾರೋ ಅಲ್ಲಿ ಸಹಿ ಹಾಕ್ತೀನಿ" ಎಂದರು. ನಾನೂ ಬೇಡ ಎನ್ನಲಿಲ್ಲ. ನೆಲದ ಮೇಲೆ, ಬಾಗಿಲು ತೆರೆದರೆ ಬೀದಿ ಕಾಣುವ ಒಂದು ಕೋಣೆ ಸಿಕ್ಕಿದರೆ ಸಾಕಾಗಿತ್ತು ನನಗೆ. ಕಂಪನಿಯವರು ಬಂದು ನೋಡುವ ದಿನ ಗೊತ್ತಾಯಿತು.

ಅದರ ಹಿಂದಿನ ದಿನ ಬೆಳಿಗ್ಗೆ ಇವರು ದಿಂಬಿನ ಬಾಯಿ ಹೊಲಿಯುತ್ತಿದ್ದವರು ಸೂಜಿ ಕೆಳಗೆ ಹಾಕಿದರು. ಎತ್ತಿಕೊಡು ಎಂದು ಹೇಳಲು ಹೋದರು, ಮಾತು ಸರಿಯಾಗಿ ಬರಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಎಡಕ್ಕೆ ವಾಲಿ ಹತ್ತಿಯ ರಾಶಿಯ ಮೇಲೆ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಜಾರಿತ್ತು.

ಓಣಿಯ ಕೊನೆಯ ಡಾಕ್ಟರು ತೆಳ್ಳಗಿನ ಮನುಷ್ಯ, ಮೆಟ್ಟಿಲು ಹತ್ತಿ ಬಂದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಕೈ ಎತ್ತಿಸಿ ನೋಡಿದರು. "ಲಕ್ವ ಹೊಡೆದಿದೆ. ಈಗಲೇ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ತಲೆ ಒಳಗೆ ರಕ್ತ ಕಟ್ಟಿದೆಯೋ, ರಕ್ತನಾಳ ಒಡೆದಿದೆಯೋ, ಯಂತ್ರದಲ್ಲಿ ನೋಡದೆ ಔಷಧಿ ಕೊಡೋ ಹಾಗಿಲ್ಲ. ಒಂದಕ್ಕೆ ಕೊಡೋದು ಇನ್ನೊಂದಕ್ಕೆ ವಿಷ" ಎಂದರು. "ಎಷ್ಟು ಬೇಗ ಆದರೆ ಅಷ್ಟು ಒಳ್ಳೇದಮ್ಮ."

ಆಂಬುಲೆನ್ಸಿನವರು ಬಂದರು. ಸ್ಟ್ರೆಚರು ಮೆಟ್ಟಿಲಿನ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಬೆನ್ನ ಮೇಲೆ ಹೊರುತ್ತೇನೆ ಎಂದು ಒಬ್ಬ ಗಟ್ಟಿಮುಟ್ಟಾದ ಹುಡುಗ ಮುಂದೆ ಬಂದ. ಒಬ್ಬನೇ ಅಡ್ಡ ನಿಂತು ಹೋಗುವ ಜಾಗದಲ್ಲಿ ಇನ್ನೊಬ್ಬನನ್ನು ಹೊರುವುದು ಎಲ್ಲಿಂದ ಬಂತು? ಕೂರಿಸಿ ಜಾರಿಸೋಣವೇ ಎಂದು ಯೋಚಿಸಿದರು. "ಕತ್ತು ನಿಲ್ತಾ ಇಲ್ಲ, ಕೈ ಜಾರಿದ್ರೆ ಅಲ್ಲೇ ಹೋಗಿಬಿಡ್ತಾರೆ" ಎಂದು ಅವರೇ ಬೇಡವೆಂದರು. ಮನುಷ್ಯ, ಅವನ ಹೆಗಲ ಮೇಲಿನ ಹೊರೆ, ಎರಡೂ ಒಟ್ಟಿಗೆ ಇಳಿಯಬಾರದು ಎಂದು ಕಟ್ಟಿಸಿದ ಮೆಟ್ಟಿಲು. ಕಟ್ಟಿಸಿದವನ ಮರಿಮಗನನ್ನೇ ಮೂಟೆ ಮಾಡಿ ಮೇಲೆ ಉಳಿಸಿಕೊಂಡಿತು.

ಅಗ್ನಿಶಾಮಕದವರಿಗೂ ಫೋನ್ ಮಾಡಿದೆ. ಏಣಿಯ ಗಾಡಿ ಓಣಿಯೊಳಗೆ ತೂರಲಿಲ್ಲ. ಅವರ ಅಧಿಕಾರಿ ಮೇಲೆ ಬಂದು ಬಾಯಿಯ ಮುಚ್ಚಳ ಎತ್ತಿ ನೋಡಿದರು. "ಇದೇ ದಾರಿ. ಆದರೆ ಕೆಳಗಿನ ನೆಲ ಇನ್ನೊಬ್ಬರದ್ದು. ಅವರು ಹೂಂ ಅಂದ್ರೆ ಒಡೆಯೋದು ಒಂದು ಗಂಟೆ ಕೆಲಸ" ಎಂದರು.

ಆ ಹೂಂ ಒಂದಕ್ಕಾಗಿ ನಾನು ಭಾವಂದಿರನ್ನು ಕರೆಸಿದೆ. ಇಬ್ಬರೂ ಓಡಿ ಬಂದರು, ಅದರಲ್ಲಿ ಸುಳ್ಳಿಲ್ಲ. ನಡು ಭಾವ ತಮ್ಮನ ಕೈ ಹಿಡಿದು ಗಳಗಳ ಅತ್ತರು. ಅಳು ಮುಗಿದ ಮೇಲೆ ನನ್ನನ್ನು ಕಿಟಕಿ ಸೀಳಿನ ಕೆಳಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ನೋಡಮ್ಮ, ನಾಳೆ ಕಂಪನಿಯವರು ಬರ್ತಾರೆ. ಹಾಲ್ ಮಧ್ಯೆ ಅಷ್ಟು ದೊಡ್ಡ ತೂತು ನೋಡಿದ್ರೆ ಏನಂದ್ಕೋತಾರೆ? ಒಂದೇ ಒಂದು ದಿನ. ಅವರು ಹೋದ ತಕ್ಷಣ ನಾನೇ ನಿಂತು ಒಡೆಸ್ತೀನಿ."

"ಡಾಕ್ಟ್ರು ಈಗಲೇ ಅಂದಿದ್ದಾರೆ ಭಾವ."

"ಡಾಕ್ಟ್ರು ಯಾವತ್ತು ನಾಳೆ ಅಂತಾರಮ್ಮ? ನೋಡು, ಆಗಿಗಿಂತ ಈಗ ಮುಖದಲ್ಲಿ ಎಷ್ಟು ಕಳೆ ಬಂದಿದೆ."

"ನಿಮ್ಮ ಕಲ್ಲು ಹೋದ್ರೆ ಇನ್ನೊಂದು ಕಲ್ಲು ಬರುತ್ತೆ."

ದೊಡ್ಡ ಭಾವ ಅಲ್ಲಿಂದಲೇ ಗದರಿದರು. "ಮುಚ್ಚೋವಾಗ ಮೂವರೂ ಒಪ್ಪಿ ಮುಚ್ಚಿದ್ದು. ತೆಗೆಯೋವಾಗಲೂ ಮೂವರೂ ಒಪ್ಪಬೇಕು. ಅಪ್ಪನ ಮಾತು."

ಅಪ್ಪನ ಮಾತು ಅವರಿಗೆ ಬೇಕಾದಾಗ ಮಾತ್ರ ನೆನಪಾಗುತ್ತದೆ. "ಮೂರನೆಯವರನ್ನೇ ಕೇಳಿ ಹಾಗಾದ್ರೆ, ಒಪ್ತಾರೋ ಇಲ್ವೋ" ಎಂದು ನಾನು ಕಿರುಚಿದೆ. ನನ್ನ ಅಣ್ಣ ಅಷ್ಟು ಹೊತ್ತಿಗೆ ಬಂದಿದ್ದ. ಅವನೂ ಅಪ್ಪನ ಹಾಗೆ ಹಮಾಲಿ, ಹೊಸ ಬಂದರಿನಲ್ಲಿ ಕೆಲಸ. ಜೊತೆಗೆ ನಾಲ್ಕು ಜನ, ಹಾರೆ, ಹಗ್ಗ ಎಲ್ಲ ತಂದಿದ್ದ. "ಒಪ್ಪಿಗೆ ಗಿಪ್ಪಿಗೆ ಆಮೇಲೆ ನೋಡ್ಕೊಳ್ಳೋಣ. ನೀನು ಹೇಳು ತಂಗಿ, ಈಗಲೇ ಒಡೀತೀನಿ. ಜೈಲಿಗೆ ಹಾಕ್ತಾರಾ, ಹಾಕ್ಲಿ" ಎಂದ.

ನಾನು ಹೂಂ ಎನ್ನುವಷ್ಟರಲ್ಲಿ ಇವರು ಬಲಗೈಯಿಂದ ನನ್ನ ಸೀರೆ ಹಿಡಿದು ಎಳೆದರು. ತುಟಿಯ ಒಂದೇ ಬದಿ ಅಲ್ಲಾಡುತ್ತಿತ್ತು. ಕಿವಿ ಹತ್ತಿರ ಇಟ್ಟು ಕೇಳಿದೆ.

"ಬೇಡ... ಅಣ್ಣ... ತೆಗೆಸ್ತಾನೆ."

"ನಿಮಗೆ ಅರ್ಥ ಆಗ್ತಿದೆಯಾ? ಆಸ್ಪತ್ರೆಗೆ ಹೋಗದಿದ್ರೆ..."

"ಜಗಳ... ಬೇಡ. ನಾಳೆ... ತೆಗೆಸ್ತಾನೆ."

ನಡು ಭಾವ ಮತ್ತೆ ಅತ್ತರು. ಈ ಸಲ ಸಮಾಧಾನದಿಂದ ಅತ್ತರು. ನನ್ನ ಅಣ್ಣ ನನ್ನ ಮುಖ ನೋಡಿ, ಹಾರೆಯನ್ನು ಹೆಗಲಿಗೆ ಕಟ್ಟಿಕೊಂಡು ಇಳಿದು ಹೋದ. ಹೂಂ ಎಂದು ಹೇಳುವ ಬಾಯಿ ನನಗೂ ಇತ್ತು. ಆದರೆ ಅರ್ಧ ದೇಹ ಸತ್ತಿರುವ ಮನುಷ್ಯ ಉಳಿದರ್ಧದ ಶಕ್ತಿಯನ್ನೆಲ್ಲ ಹಾಕಿ ಸೀರೆ ಹಿಡಿದು ಬೇಡ ಎಂದಾಗ, ಆ ಕೈ ಕಿತ್ತು ಹಾಕಲು ನನ್ನಿಂದಾಗಲಿಲ್ಲ. ಆ ಗೋದಾಮಿನಲ್ಲಿ ಎಲ್ಲಕ್ಕೂ ಬಂದೋಬಸ್ತು ಇತ್ತು. ಕಳ್ಳನಿಗೆ, ಇಲಿಗೆ, ಬೆಂಕಿಗೆ, ಸ್ವಂತ ಮಕ್ಕಳಿಗೆ. ತನ್ನ ವಂಶದಲ್ಲಿ ಇನ್ನೊಬ್ಬರನ್ನು ನಂಬುವವನೊಬ್ಬ ಹುಟ್ಟಬಹುದು ಎಂದು ಮಾತ್ರ ಮುತ್ತಜ್ಜನಿಗೆ ತೋಚಲೇ ಇಲ್ಲ.

ರಾತ್ರಿ ಕಳೆಯಿತು. ಬೆಳಿಗ್ಗೆ ಇವರು ಚಮಚದಲ್ಲಿ ಕೊಟ್ಟ ನೀರು ಕುಡಿದರು, ನನ್ನ ಕಡೆ ನೋಡಿ ಆ ಅರ್ಧ ಬಾಯಲ್ಲೇ ನಕ್ಕರು. ನೋಡಿದೆಯಾ, ಏನೂ ಆಗಲಿಲ್ಲ ಎನ್ನುವ ನಗು. ನನಗೂ ಒಂದಿಷ್ಟು ಧೈರ್ಯ ಬಂತು.

ಮಧ್ಯಾಹ್ನಕ್ಕೆ ಮುಂಚೆ ಕಂಪನಿಯವರು ಬಂದರು. ಕೆಳಗೆ ದೊಡ್ಡ ಭಾವನ ಪಾಲು ನೋಡಿ ನಡು ಅಂತಸ್ತಿಗೆ ಬಂದದ್ದು ಕೇಳಿಸಿತು. ನನ್ನ ನೆಲದ ಬಾಯಿಗೆ ಮರದ ಮುಚ್ಚಳ, ಅದರ ಕೆಳಗೆ ನಡು ಭಾವನ ತೆಳ್ಳನೆಯ ಸೀಲಿಂಗು. ಅಲ್ಲಿ ಕೆಮ್ಮಿದರೂ ಇಲ್ಲಿ ತಿಳಿಯುತ್ತದೆ. ನಡು ಭಾವ ಕಟ್ಟಡದ ಚರಿತ್ರೆ ಹೇಳುತ್ತಿದ್ದರು. ಮುತ್ತಜ್ಜ ದೊಡ್ಡ ದಾನಿಯಂತೆ. ಹಮಾಲರನ್ನು ಮಕ್ಕಳ ಹಾಗೆ ನೋಡಿಕೊಂಡನಂತೆ. ಬಾಗಿಲ ಪಕ್ಕದ ಪೀಠದಲ್ಲಿ ಕೂತು, ಬಂದವರಿಗೆಲ್ಲ ನೀರು ಕೊಡುತ್ತಿದ್ದನಂತೆ. ಗಾರೆಯ ಗಟ್ಟಿತನ, ತೊಲೆಗಳು ಹಳೆ ಹಡಗಿನವು ಎನ್ನುವುದು, ಗೋಡೆಯ ದಪ್ಪ, ಇವೆಲ್ಲ ನಿಜವೇ. ನಿಜದ ನಡುವೆ ಇಟ್ಟ ಸುಳ್ಳು ಚೆನ್ನಾಗಿ ಕೂರುತ್ತದೆ.

"ಅಣ್ಣತಮ್ಮಂದಿರು ಇವತ್ತಿಗೂ ಒಂದೇ ಸೂರಿನ ಕೆಳಗೆ. ಈ ಕಾಲದಲ್ಲಿ ಇದು ಅಪರೂಪ ನೋಡಿ" ಎಂದರು ನಡು ಭಾವ.

ಅದೇ ಹೊತ್ತಿಗೆ ಇವರ ಉಸಿರು ಬದಲಾಯಿತು. ಗೊರಗೊರ ಶಬ್ದ ಶುರುವಾಯಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ನಾನು ಕೂಗಿದೆ. ನಿನ್ನೆ ಕಿರುಚಿ ಕಿರುಚಿ ದನಿ ಒಡೆದಿತ್ತು, ನನ್ನ ಕೂಗು ನನಗೇ ಕೇಳಿಸಲಿಲ್ಲ. ಅದಕ್ಕೆ ಕಾಲಿನಿಂದ ನೆಲ ಒದ್ದೆ. ಹಲಗೆ ದಢದಢ ಎಂದಿತು. ಮತ್ತೆ ಒದ್ದೆ, ಮತ್ತೆ ಮತ್ತೆ ಒದ್ದೆ.

ಕೆಳಗೆ ಮಾತು ನಿಂತಿತು. ಒಬ್ಬ ಹೆಂಗಸಿನ ದನಿ, "ಅದೇನು ಶಬ್ದ?" ಎಂದು ಕೇಳಿತು.

"ಹಳೇ ಮರ ಅಲ್ವಾ ಮೇಡಂ" ಎಂದರು ನಡು ಭಾವ. "ಬಿಸಿಲೇರಿದ ಹಾಗೆ ಸದ್ದು ಮಾಡುತ್ತೆ. ಕಟ್ಟಡ ಮಾತಾಡುತ್ತೆ ಅಂತ ನಾವು ತಮಾಷೆ ಮಾಡ್ತೀವಿ."

ಎಲ್ಲರೂ ನಕ್ಕರು. ನಾಲ್ಕೈದು ಜನರ ನಗು. ಅದರಲ್ಲಿ ದೊಡ್ಡ ಭಾವನ ನಗುವೂ ಇತ್ತು. ನಗುವುದೇ ಅಪರೂಪವಾದ ಮನುಷ್ಯ, ಅವತ್ತು ನಕ್ಕರು.

ಹತ್ತಿ ಹಾರದಂತೆ ಮೇಲಿಡುವ ಕಬ್ಬಿಣದ ತೂಕದ ಗುಂಡು ಅಲ್ಲೇ ಇತ್ತು. ನಾನು ಬಾಯಿಯ ಮುಚ್ಚಳ ಎಳೆದು, ಗುಂಡನ್ನು ಎರಡು ಕೈಯಲ್ಲಿ ಎತ್ತಿ ಕೆಳಗೆ ಬಿಟ್ಟೆ. ಸೀಲಿಂಗು ಹಪ್ಪಳದ ಹಾಗೆ ಒಡೆದು ಹೋಯಿತು. ಬಿಳಿ ಪುಡಿ ಕೆಳಗಿಳಿದು ತಿಳಿಯಾದಾಗ, ಪಾಲಿಶ್ ಮಾಡಿದ ಕಲ್ಲಿನ ಮೇಲೆ ಗುಂಡು ಬಿದ್ದಿತ್ತು. ಸುತ್ತ ಗೋಡೆಗೆ ಅಂಟಿ ನಿಂತ ಜನ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ಯಾರಿಗೂ ಏಟಾಗಿರಲಿಲ್ಲ. ನಾನು ಬಾಯಿಯ ಅಂಚಿಗೆ ಮಂಡಿಯೂರಿ ಹೇಳಿದೆ.

"ಇಲ್ಲಿ ಒಬ್ಬ ಮನುಷ್ಯ ಸಾಯ್ತಾ ಇದ್ದಾನೆ. ಇವರ ತಮ್ಮ. ನಿನ್ನೆಯಿಂದ ಇಳಿಸಿ ಅಂತ ಕೇಳ್ತಾ ಇದ್ದೀವಿ."

ನಡು ಭಾವ ತಲೆಯ ಮೇಲಿನ ಪುಡಿ ಕೊಡವಿಕೊಂಡು ಆ ಹೆಂಗಸಿನ ಕಡೆ ತಿರುಗಿದರು. "ನಮ್ಮ ತಮ್ಮನ ಹೆಂಡತಿ. ಗಂಡನಿಗೆ ಹುಷಾರಿಲ್ಲ ಅಂತ ಸ್ವಲ್ಪ ತಲೆ ಕೆಟ್ಟ ಹಾಗಾಗಿದೆ, ಪಾಪ" ಎಂದರು.

ಆ ಹೆಂಗಸು ಕಂಪನಿಯ ಇಂಜಿನಿಯರಂತೆ. ಆಕೆ ಮಾತ್ರ ಪಾಪ ಮತ್ತೆ ಆ ಮೆಟ್ಟಿಲು ಹತ್ತಿ ಮೇಲೆ ಬಂದಳು. ಆಕೆ ಬಂದು ಮುಟ್ಟುವಷ್ಟರಲ್ಲಿ ಗೊರಗೊರ ನಿಂತಿತ್ತು. ಇವರ ಬಲಗೈ ನನ್ನ ಸೆರಗು ಹುಡುಕಿದ ಹಾಗೆ ಚಾಚಿಕೊಂಡೇ ಇತ್ತು. ಗುಂಡು ಎತ್ತಲು ಹೋದವಳು ನಾನು, ಆ ಕೈಗೆ ನಾನು ಸಿಕ್ಕಲಿಲ್ಲ.

ಮುಂದಿನದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಡು ಭಾವ ತಾವೇ ನನ್ನ ಅಣ್ಣನಿಗೆ ಫೋನ್ ಮಾಡಿದರು. "ಹಾರೆ ತಗೊಂಡು ಬೇಗ ಬಾಪ್ಪ, ನಾಲ್ಕು ಜನ ಕರ್ಕೊಂಡು ಬಾ" ಎಂದರು. ಸತ್ತವನನ್ನು ಮೆಟ್ಟಿಲಲ್ಲಿ ಇಳಿಸಲಾಗುವುದಿಲ್ಲ. ಹೆಣ ಮೇಲೆಯೇ ಇದ್ದರೆ ಓಣಿಯವರು ಏನಂದಾರು, ಕಂಪನಿಯವರು ಏನಂದಾರು! ದೊಡ್ಡ ಭಾವ ಅಂಗಿ ಕಳಚಿ ತಾವೇ ಮೊದಲ ಏಟು ಹಾಕಿದರು. ಪಾಲಿಶ್ ಮಾಡಿದ ಕಲ್ಲು ಕಣ್ಣೆದುರೇ ಚೂರಾಯಿತು. ಕೆಳಗಿನ ಅಂಗಡಿಯವನು ಮರು ಮಾತಾಡದೆ ತನ್ನ ಕುರ್ಚಿ ಮೇಜು ಸರಿಸಿಕೊಟ್ಟ. ಮೂವರ ಒಪ್ಪಿಗೆ ಬೇಕು ಎಂದು ಯಾರಿಗೂ ನೆನಪಾಗಲಿಲ್ಲ. ಒಂದು ಗಂಟೆ ಕೆಲಸ ಎಂದು ಅಗ್ನಿಶಾಮಕದವರು ಹೇಳಿದ್ದರಲ್ಲ, ಅಷ್ಟೂ ಆಗಲಿಲ್ಲ.

ಹಾಸಿಗೆ ಸಮೇತ ಇವರನ್ನು ಕಟ್ಟಿದೆವು. ಗಂಟು ನಾನೇ ಹಾಕಿದೆ. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ರಾಟೆ ಕಿರುಗುಟ್ಟಿತು. ನನ್ನ ಅಣ್ಣ ಹಗ್ಗ ಬಿಡುತ್ತ ಬಂದ, ಭಾವಂದಿರಿಬ್ಬರೂ ನಡು ಅಂತಸ್ತಿನಲ್ಲಿ ನಿಂತು ಹಾಸಿಗೆ ಓಲಾಡದಂತೆ ಹಿಡಿದರು.

"ನಿಧಾನ, ನಿಧಾನ. ತಲೆ ಕಬ್ಬಿಣಕ್ಕೆ ತಾಗೀತು" ಎಂದರು ದೊಡ್ಡ ಭಾವ.

"ನೋವಾಗಬಾರದಪ್ಪ ನಮ್ಮ ತಮ್ಮನಿಗೆ" ಎಂದರು ನಡು ಭಾವ, ಕಣ್ಣೊರೆಸಿಕೊಳ್ಳುತ್ತ.

ನನ್ನ ಅಣ್ಣ ನನ್ನ ಕಡೆ ನೋಡಲಿಲ್ಲ. ಅವನು ಹಗ್ಗ ಬಿಟ್ಟು ಅವರ ಕುತ್ತಿಗೆ ಹಿಡಿದುಬಿಡುತ್ತಿದ್ದನೇನೋ, ಆದರೆ ಹಗ್ಗದ ತುದಿಯಲ್ಲಿ ಇವರಿದ್ದರು.

ಎಲ್ಲ ಮುಗಿದ ಮೇಲೆ ಭಾವಂದಿರು ಕಾಗದ ಹಿಡಿದು ಮೇಲೆ ಬಂದರು. ಕಂಪನಿಯವರಿಗೆ ಬೇಸರವೇನೂ ಆಗಿಲ್ಲವಂತೆ. ಬದಲಿಗೆ ಆ ಬಾಯಿ ಬಹಳ ಹಿಡಿಸಿದೆಯಂತೆ. ಅದನ್ನು ಹಾಗೆಯೇ ಇಟ್ಟು, ಸುತ್ತ ಗಾಜು ಹಾಕಿ, ಬಂದವರಿಗೆ ತೋರಿಸುತ್ತಾರಂತೆ. ಇಬ್ಬರ ಸಹಿ ಆಗಿತ್ತು. ನನ್ನದೊಂದು ಬಾಕಿ.

"ಒಬ್ಬಳೇ ಇಲ್ಲಿ ಏನು ಮಾಡ್ತೀಯಮ್ಮ? ಹತ್ತೋದು ಇಳಿಯೋದು ಎಷ್ಟು ಕಷ್ಟ. ಕೆಳಗೆ ಬಾ. ನಿನ್ನನ್ನ ನಾವು ಕೈ ಬಿಡ್ತೀವಾ?" ಎಂದರು ನಡು ಭಾವ.

"ಬರ್ತೀನಿ ಭಾವ. ನಿಮ್ಮ ತಮ್ಮ ಹೇಗೆ ಬಂದರೋ ಹಾಗೇ ಬರ್ತೀನಿ. ನೀವಿಬ್ಬರೂ ನಿಂತು ನಿಧಾನವಾಗಿ ಇಳಿಸಿ. ನನಗೆ ಮಕ್ಕಳಿಲ್ಲ, ಮರಿ ಇಲ್ಲ. ಆಮೇಲೆ ಸಹಿ ಯಾಕೆ, ಎಲ್ಲ ನಿಮ್ಮದೇ" ಎಂದೆ.

"ಇದೇನು ಮಾತು!" ಎಂದು ದೊಡ್ಡ ಭಾವ ಗುಡುಗಿದರು.

"ಒಂದೇ ಒಂದು ದಿನ ಮುಂಚೆ ಆ ಕಲ್ಲು ಒಡೆಸಿದ್ರೆ, ನಿಮ್ಮ ಕಾಗದಕ್ಕೆ ಸಹಿ ಅಲ್ಲ, ಅಂಗೈ ಅಚ್ಚು ಒತ್ತಿ ಕೊಡ್ತಿದ್ದೆ ಭಾವ."

ಅವರು ಅಡ್ಡಡ್ಡ ಇಳಿದು ಹೋದರು. ಕಂಪನಿಯವರು ಕಾಯುತ್ತಾರಂತೆ. ಎಷ್ಟು ದಿನ ಕಾಯುತ್ತಾರೋ ಗೊತ್ತಿಲ್ಲ, ಅವರಿಗೆ ಬೇರೆ ಊರುಗಳಲ್ಲೂ ಹಳೆ ಗೋದಾಮುಗಳು ಸಿಕ್ಕಾವು. ನಾನು ದಿಂಬು ಹೊಲಿಯುತ್ತೇನೆ. ನನ್ನ ಕೈಯಲ್ಲಿ ಮೂಲೆ ಸರಿಯಾಗಿ ತುಂಬುವುದಿಲ್ಲ, ಕೊಳ್ಳುವವರು ಅನುಕಂಪಕ್ಕೆ ಕೊಳ್ಳುತ್ತಾರೆ. ನೆಲದ ಬಾಯಿ ತೆರೆದೇ ಇದೆ. ಮುಚ್ಚಲು ಮೂವರೂ ಒಪ್ಪಬೇಕು, ನಾನು ಒಪ್ಪಿಗೆ ಕೊಟ್ಟಿಲ್ಲ.

ದೊಡ್ಡ ಭಾವನಿಗೆ ಈಗ ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ತಿಂಗಳಿಗೊಮ್ಮೆ ಬಂದು, ಬಾಯಿಯ ಕೆಳಗೆ ನಿಂತು, ತಲೆ ಎತ್ತಿ, "ಹೇಗಿದ್ದೀಯಮ್ಮ?" ಎಂದು ಕೂಗುತ್ತಾರೆ. ಪಕ್ಕದಲ್ಲಿ ನಡು ಭಾವನೂ ನಿಂತಿರುತ್ತಾರೆ. ನಾನು ಅಂಚಿಗೆ ಬಂದು ಬಗ್ಗಿ, "ಚೆನ್ನಾಗಿದ್ದೀನಿ ಭಾವ. ನಿನ್ನೆ ಕೂಡ ಎರಡು ಸಲ ಹತ್ತಿ ಇಳಿದೆ" ಎನ್ನುತ್ತೇನೆ. ಅಷ್ಟು ಎತ್ತರದಿಂದಲೂ ಆ ಎರಡು ಮುಖ ಬಾಡುವುದು ಕಾಣುತ್ತದೆ. ನಾನು ಹೇಳುವುದು ಸುಳ್ಳು. ಇವರು ಹೋದ ಮೇಲೆ ನಾನು ಒಂದು ದಿನವೂ ಚೆನ್ನಾಗಿಲ್ಲ. ಆದರೆ ಅದನ್ನು ಹೇಳಿ ಅವರನ್ನು ಸಂತೋಷಪಡಿಸುವಷ್ಟು ಒಳ್ಳೆಯವಳು ನಾನಲ್ಲ.